ಒಣ ಶೆಟ್ಲಿ ಹಾಡು ಮತ್ತು ವಿಶ್ವಕೋಶದ ಪಂಚಾಯ್ತಿ

ಒಂದೇ ಊರಲ್ಲಿ ಕೂತು ಉಣ್ಣುವವನಿಗೆ ವರ್ಷಕ್ಕೊಂದು ತಮಾಷೆ ಸಿಕ್ಕರೆ ಹೆಚ್ಚು. ನನ್ನ ಹಾಗೆ ಕಾಲಿಗೆ ಚಕ್ರ ಕಟ್ಟಿಕೊಂಡವನಿಗೆ ಅವು ಬೇಡವೆಂದರೂ ಬಂದು ಅಡ್ಡ ಬೀಳುತ್ತವೆ. ನಗು ಮಾತ್ರ ಆಗಲೇ ಬರುವುದಿಲ್ಲ. ಮಾವಿನಮಿಡಿ ಉಪ್ಪಲ್ಲಿ ಕೂತ ಹಾಗೆ ಕೆಲವು ಕಾಲ ಕೂತು, ಹುಳಿಯೆಲ್ಲ ಇಳಿದ ಮೇಲೆ ಬರುತ್ತದೆ. ಇವುಗಳ ಹುಳಿ ಇನ್ನೂ ಪೂರ್ತಿ ಇಳಿದಿಲ್ಲ. ಆದರೂ ಹೇಳುತ್ತೇನೆ.

ಕೂತಿರುವುದು ಆಧಾರವಲ್ಲ

ಏಳನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಬಿಟ್ಟೆ ಅನ್ನುವುದೂ ದೊಡ್ಡ ಮಾತು. ಒಂದು ಬೆಳಿಗ್ಗೆ ಶಾಲೆಗೆಂದು ಹೊರಟವನು ಕಾರವಾರದ ಬಂದರು ಮುಟ್ಟಿದೆ, ಅಷ್ಟೆ. ಅಲ್ಲಿಂದ ಟ್ರಾಲರು, ಲಾರಿ, ಹೋಟೆಲಿನ ಒಲೆ, ಗೋವಾದಲ್ಲಿ ಬಣ್ಣ ಬಳಿಯುವ ಕೆಲಸ, ಹೀಗೆ ತಿರುಗಿ ಕಡೆಗೆ ದೇವಬಾಗದ ಒಂದು ರೆಸಾರ್ಟಿನಲ್ಲಿ ಪ್ರವಾಸಿಗರನ್ನು ದಾಟಿಸುವ ದೋಣಿಗೆ ಬಂದು ನಿಂತೆ. ದೋಣಿಯವನಿಗೆ ನಡೆಸುವುದಕ್ಕಿಂತ ಕಾಯುವ ಕೆಲಸವೇ ಜಾಸ್ತಿ. ಕಾಯುತ್ತ ಫೋನಿನಲ್ಲಿ ವಿಶ್ವಕೋಶ ಓದುತ್ತಿದ್ದೆ. ಊರು, ನದಿ, ಮೀನು, ರಾಜರು, ಕಾಯಿಲೆ, ಏನು ಬೇಕೋ ಅದು.

ಒಂದು ದಿನ ಕಾಳಿ ನದಿಯ ಅಳಿವೆಯ ಬಗ್ಗೆ ತಪ್ಪು ಬರೆದದ್ದು ಕಂಡಿತು. ಪಕ್ಕದಲ್ಲೇ ‘ತಿದ್ದಿ’ ಎಂದು ಇತ್ತು. ಒತ್ತಿದೆ, ತಿದ್ದಿದೆ. ಅಂಕಪಟ್ಟಿ ಕೇಳದೆ ನನ್ನನ್ನು ಒಳಗೆ ಬಿಟ್ಟ ಮೊದಲ ಜಾಗ ಅದು. ನಿಜ ಹೇಳುತ್ತೇನೆ, ಕಣ್ಣು ತುಂಬಿತು.

ಪ್ರವಾಸಿಗರು ಎಳನೀರು ಕುಡಿದು ಬರುವಷ್ಟರಲ್ಲಿ ಯಾರೋ ನನ್ನ ಮಾತನ್ನು ತೆಗೆದುಹಾಕಿ ‘ಆಧಾರವಿಲ್ಲ’ ಎಂದು ಬರೆದಿದ್ದರು. ನಾನು ಸಿಟ್ಟಿನಿಂದ, ಸ್ವಾಮಿ, ನಾನು ಈಗ ಅದೇ ಅಳಿವೆಯ ಮೇಲೆ ದೋಣಿಯಲ್ಲಿ ಕೂತಿದ್ದೇನೆ ಎಂದು ಬರೆದೆ.

ಉತ್ತರ ಬಂತು: “ಕೂತಿರುವುದು ಆಧಾರವಲ್ಲ.”

ಬಸ್ಸಿನಲ್ಲಿ ಹಾಡಿದವಳು

ಅದೇ ರೆಸಾರ್ಟಿನ ಅಡುಗೆಮನೆಯಲ್ಲಿ ಅಗಸೂರು ಕಡೆಯ ಒಬ್ಬ ಅಕ್ಕ ಇದ್ದಳು. ಗದ್ದೆ ಕೆಲಸದ ಮನೆಯವಳು, ವಾರದ ರಜೆಗೆ ಊರಿಗೆ ಹೋಗಿಬರುವವಳು. ಶೆಟ್ಲಿ, ಅಂದರೆ ಸಿಗಡಿ, ಸುಲಿಯುತ್ತ ಕೂತರೆ ತನ್ನಷ್ಟಕ್ಕೆ ಪದ ಕಟ್ಟಿ ಹಾಡುತ್ತಿದ್ದಳು. “ಒಣ ಶೆಟ್ಲಿ ನಾನು, ಬಿಸಿಲೇ ನನ್ನ ಗಂಡ” ಎಂದು ಶುರುವಾಗುವುದು ಒಂದಿತ್ತು. ಅವಳ ಗಂಡ ಸತ್ತು ಬಹಳ ಕಾಲವಾಗಿತ್ತು. ಹಾಡು ಮಾತ್ರ ಕುಣಿಯುವ ಹಾಗಿತ್ತು.

ವಿಡಿಯೋ ತೆಗೆಯಲು ಬಂದ ಒಂದು ಸಂಗೀತ ತಂಡ ಅದನ್ನು ಕೇಳಿತು. ಹಾಸಿಗೆ ಒಟ್ಟಿದ ಕೋಣೆಯಲ್ಲಿ ಹೊರಗಿನ ಸದ್ದು ಬರುವುದಿಲ್ಲವೆಂದು ಅವಳನ್ನು ಅಲ್ಲಿ ನಿಲ್ಲಿಸಿ ಹಾಡಿಸಿಕೊಂಡಿತು. ಆಮೇಲೆ ಡೋಲು, ಗಿಟಾರು ಸೇರಿಸಿ, ದನಿಯನ್ನು ಸ್ವಲ್ಪ ತೆಳ್ಳಗೆ ಮಾಡಿ, ಗೋವಾದಿಂದ ಬಂದ ಒಬ್ಬ ಹುಡುಗಿಯ ಕೈಲಿ ತುಟಿ ಆಡಿಸಿ ಬಿಟ್ಟಿತು. ಮದುವೆ, ಟೆಂಪೊ, ಬೋಟು, ಎಲ್ಲ ಕಡೆ ಒಣ ಶೆಟ್ಲಿಯೇ. ತಂಡದ ಹೆಸರಿತ್ತು, ಕುಣಿದವಳೆಂದು ತುಟಿಯ ಹೆಸರಿತ್ತು, ಹಾಡಿದವಳೆಂದು ಅಕ್ಕನದು ಇರಲಿಲ್ಲ. ತಂಡ ಆಮೇಲೆ ಒಡೆದು ಮುಂಬೈ, ಪುಣೆ ಎಂದು ಹಂಚಿಹೋಯಿತು. ಕೇಳುವುದಾದರೂ ಯಾರನ್ನು?

ಇದನ್ನೆಲ್ಲ ಅವಳು ಸಹಿಸಿದ್ದಳು. ಸಹಿಸಲಾಗದ್ದು ಬಸ್ಸು. ಅಂಕೋಲೆಯಿಂದ ಅಗಸೂರಿಗೆ ಹೋಗುವ ಬಸ್ಸಿನಲ್ಲಿ ಈ ಹಾಡು ಬಂದಾಗ, ತಡೆಯಲಾರದೆ ಪಕ್ಕದವಳಿಗೆ ಇದು ನಾನು ಹಾಡಿದ್ದು ಅಂದುಬಿಟ್ಟಳು. ಇಡೀ ಬಸ್ಸು ನಕ್ಕಿತು. ಆವತ್ತಿನಿಂದ ಅವಳು ಮೆಟ್ಟಿಲು ಹತ್ತಿದರೆ ಸಾಕು, ಗಾಯಕಿ ಬಂದ್ರು, ಸೀಟು ಬಿಡಿ ಎಂದು ಯಾರಾದರೊಬ್ಬರು ಹೇಳುವುದೇ.

“ಕಳ್ಳಿ ಅಂದಿದ್ರೆ ಬೇಕಾಗಿತ್ತು ತಮಾ,” ಅಂದಳು ನನ್ನ ಹತ್ತಿರ. “ಕಳ್ಳಿಗಾದ್ರೂ ಸೀಟು ಬಿಡೂದಿಲ್ಲ. ನಂಗೆ ಬಿಟ್ಟು ನಗ್ತ್ರು.”

ಎರಡು ದಾರಿ

ಹಾಡಿನ ಬಗ್ಗೆ ವಿಶ್ವಕೋಶದಲ್ಲಿ ಪುಟವಾಯಿತು. ‘ಹಾಡಿದವರು’ ಎಂಬಲ್ಲಿ ಖಾಲಿ ಇತ್ತು. ಅಕ್ಕನ ಹೆಸರು ತುಂಬಿದೆ. ಅಳಿವೆಯನ್ನು ಅಳಿಸಿದವರೇ ಇದನ್ನೂ ಅಳಿಸಿದರು. ಅವರು ಕೈಗಾದ ಅಣುಸ್ಥಾವರದಲ್ಲಿ ಕೆಲಸದವರು. ಕಂಪನಿ ಬಸ್ಸಿನಲ್ಲಿ ಹೋಗಿಬರುವ ಹೊತ್ತಿನಲ್ಲೇ ವಿಶ್ವಕೋಶ ಕಾಯುವವರು. ಒಳ್ಳೆಯ ಮನುಷ್ಯರು. ಒಳ್ಳೆಯವರಾದ್ದರಿಂದಲೇ ಜಗಳವಾಡಲಿಕ್ಕೂ ಬರುವುದಿಲ್ಲ. ಚರ್ಚೆಗೆ ಇಳಿದ ಇನ್ನೊಬ್ಬರು ಕಾರವಾರದ ನಿವೃತ್ತ ಪ್ರಾಧ್ಯಾಪಕರು. ಚರ್ಚೆ ಫೋನಿನಲ್ಲಿ ಉದ್ದವಾಗಿ, ಯಾರು ಯಾರಿಗೆ ಬೈದರೆಂದು ತಿಳಿಯದಾದಾಗ ಮೂವರೂ ಕಾರವಾರದ ಒಂದು ಹೋಟೆಲಿನಲ್ಲಿ ಕೂರುವುದೆಂದಾಯಿತು.

ಪ್ರಾಧ್ಯಾಪಕರು ಇದು ಜಾನಪದ ಎಂದರು. ಗದ್ದೆ ಹೆಂಗಸರ ಧಾಟಿ ಇದರಲ್ಲಿದೆ, ಜಾನಪದಕ್ಕೆ ಕರ್ತೃ ಇರುವುದಿಲ್ಲ, ಅದು ಸಮುದಾಯದ ಸೊತ್ತು, ಒಬ್ಬರ ಹೆಸರು ಹಾಕಿದರೆ ಸಮುದಾಯಕ್ಕೆ ಅವಮಾನ. ಕೈಗಾದವರು ಇಲ್ಲ, ಗಿಟಾರು ಇದೆ, ಇದು ಪಾಪ್ ಎಂದರು. ಪಾಪ್ ಅಂದಮೇಲೆ ತಂಡ ಯಾರ ಹೆಸರು ಹಾಕಿದೆಯೋ ಅವರೇ. ದೋಸೆ ಆರಿತು, ಚಹಾ ಎರಡು ಸಲ ಬಂತು, ಇಬ್ಬರೂ ಸೋಲಲಿಲ್ಲ.

ನಾನು ಕೇಳಿದೆ, ಹಾಗಾದರೆ ನಮ್ಮ ಅಕ್ಕ ಯಾವ ದಾರಿಯಲ್ಲಿ ಬರಬೇಕು ಎಂದು.

ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿ, ಅದು ಬೇರೆ ಚರ್ಚೆ ಎಂದರು. ಆ ದಿನ ಅವರಿಬ್ಬರೂ ಒಪ್ಪಿದ್ದು ಅದೊಂದನ್ನೇ.

ಮೊಬೈಲು ಸಣ್ಣ ಮಾಡಿ

ಮುಂದಿನ ಸಲ ಅಕ್ಕನನ್ನೇ ಕರೆದುಕೊಂಡು ಹೋದೆ. ಮಿಂದು, ಅಬ್ಬಲಿಗೆ ಮುಡಿದು ಬಂದಿದ್ದಳು. ಕೋರ್ಟಿಗೆ ಸಾಕ್ಷಿ ಹೇಳಲು ಬಂದವಳ ಹಾಗೆ ಕುರ್ಚಿಯ ತುದಿಯಲ್ಲಿ ಕೂತು ಹಾಡಿದಳು. ಮೊದಲ ಸಾಲು ಮುಗಿಯುವುದರೊಳಗೆ ಗಲ್ಲೆಯ ಮೇಲೆ ದುಡ್ಡು ಎಣಿಸುತ್ತಿದ್ದ ಹೋಟೆಲಿನ ಯಜಮಾನ, ತಲೆ ಎತ್ತದೆ, ಅಲ್ಲಿ ಮೊಬೈಲು ಸಣ್ಣ ಮಾಡಿ ಎಂದು ಕೂಗಿದ.

ನಾನು ಮೇಜು ಗುದ್ದಿದೆ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಪ್ರಾಧ್ಯಾಪಕರು ಕಣ್ಣು ಒರೆಸಿಕೊಂಡರು. ಎಂಥ ಕಂಠ, ಆದರೆ ಈ ಕಡೆ ಎಲ್ಲರ ಕಂಠವೂ ಹೀಗೇ ಎಂದರು. ಕೈಗಾದವರು ಬಹಳ ಸಂಕಟದಿಂದ ಅಕ್ಕನಿಗೆ ವಿವರಿಸಿದರು. ತನ್ನ ಬಗ್ಗೆ ತಾನು ಹೇಳಿದ್ದು ನಡೆಯುವುದಿಲ್ಲ, ನಾವು ಕಿವಿಯಾರೆ ಕೇಳಿದ್ದೂ ನಡೆಯುವುದಿಲ್ಲ, ಬೇರೆ ಎಲ್ಲಾದರೂ ಅಚ್ಚಾಗಿರಬೇಕು.

“ಮತ್ತೆ ಗಲ್ಲೆ ಮೇಲಿನವರು ಹೇಳಿದ್ದು?” ಅಂದಳು ಅಕ್ಕ.

ಕೈಗಾದವರು ನಿಜಕ್ಕೂ ಯೋಚಿಸಿದರು. “ಅವರು ಸ್ವತಂತ್ರ ಮೂಲ ಹೌದು. ಆದರೆ ಪ್ರಕಟವಾಗಿಲ್ಲ.”

ಶೆಟ್ಲಿಯ ಭಾಗ್ಯ

ಈ ನಡುವೆ ಪುಟ ಬೆಳೆಯಿತು. ತಾಳ, ಲಯ, ವಿಡಿಯೋದ ಬಣ್ಣ, ಯಾವ ಯಾವ ಮದುವೆಯಲ್ಲಿ ಕುಣಿದರು, ಎಲ್ಲ ಬಂತು. ಹಾಡಿದವಳ ಫೋಟೊ ಹಾಕಲು ನಿಯಮ ಬಿಡಲಿಲ್ಲ, ತುಟಿಯ ಹುಡುಗಿಯ ಫೋಟೊಗೆ ಅಪ್ಪಣೆ ಇರಲಿಲ್ಲ. ಕಡೆಗೆ ಅಂಕೋಲೆಯ ಮೀನುಪೇಟೆಯಲ್ಲಿ ಯಾರೋ ತೆಗೆದ ಒಣ ಶೆಟ್ಲಿಯ ರಾಶಿಯ ಚಿತ್ರ ಹಾಕಿದರು. ಕೆಳಗೆ ಶೆಟ್ಲಿಯ ಕನ್ನಡದ ಹೆಸರು, ಕೊಂಕಣಿ ಹೆಸರು, ವಿಜ್ಞಾನದವರು ಇಟ್ಟ ಹೆಸರು.

ಅಕ್ಕ ಅದನ್ನು ನನ್ನ ಕೈಲಿ ಓದಿಸಿ, ಹೌದು, ಒಣಗಿದ ಮೇಲೆಯೇ ಹೆಸರು ಬರೂದು ಎಂದು ಹೇಳಿ ಹಸಿ ಶೆಟ್ಲಿ ಸುಲಿಯಲು ಹೋದಳು.

ಕಾಡಿನೊಳಗೆ ರೇಂಜಿಲ್ಲ

ಆಗ ನನಗೆ ಒಂದು ಉಪಾಯ ಹೊಳೆಯಿತು. ಕೈಗಾದ ಬಸ್ಸು ಕಾಡು ಹೊಕ್ಕರೆ ಅವರ ಫೋನಿಗೆ ರೇಂಜು ಹೋಗುತ್ತದೆ, ಕೆಲಸದ ಜಾಗಕ್ಕೆ ಫೋನು ಒಯ್ಯುವಂತಿಲ್ಲ. ಎಷ್ಟೋ ಸಲ ನಮ್ಮ ಚರ್ಚೆ ಅರ್ಧ ವಾಕ್ಯದಲ್ಲಿ ನಿಂತು ಸಂಜೆ ಅದೇ ವಾಕ್ಯದಿಂದ ಮುಂದುವರಿದದ್ದಿದೆ. ಹಾಗಾಗಿ ಬೆಳಿಗ್ಗೆ ಬಸ್ಸು ಕಾಡು ಹೊಕ್ಕಿತೆಂದು ಖಾತ್ರಿಯಾದೊಡನೆ ಅಕ್ಕನ ಹೆಸರು ಹಾಕತೊಡಗಿದೆ. ಸಂಜೆ ಬಸ್ಸು ಹೊರಬಂದೊಡನೆ ಅವರು ತೆಗೆಯುತ್ತಿದ್ದರು. ನಡುವೆ, ಹಗಲಿಡೀ, ಅವಳು ಗಾಯಕಿ. ಅಡುಗೆಮನೆಯವರೆಲ್ಲ ಬಂದು ನೋಡಿಹೋಗುತ್ತಿದ್ದರು. ಮ್ಯಾನೇಜರು ಒಂದು ದಿನ ಅವಳನ್ನು ‘ಮೇಡಂ’ ಎಂದು ಕರೆದು ತಾನೇ ನಾಚಿಕೊಂಡ.

ಅಕ್ಕನಿಗೆ ಧೈರ್ಯ ಬಂತು. ವಾರದ ರಜೆಗೆ ಊರಿಗೆ ಹೊರಟಾಗ, ಈ ಸಲ ಬಸ್ಸಿನವರಿಗೆ ತೋರಿಸಿಬಿಡುವುದೆಂದು ನಿಶ್ಚಯಿಸಿದಳು. ನಾನೂ ಜೊತೆಗೆ ಹೋದೆ. ಕಂಡಕ್ಟರ್ ಟಿಕೆಟ್ ಹರಿಯುತ್ತ ಗಾಯಕಿ ಬಂದ್ರು ಎಂದು ಶುರು ಮಾಡಿದ. ಅಕ್ಕ ಫೋನು ಮುಂದೆ ಹಿಡಿದಳು. ಹಿಂದಿನ ಸೀಟಿನವರೂ ಬಗ್ಗಿದರು.

‘ಹಾಡಿದವರು’ ಖಾಲಿ. ಆವತ್ತು ಕೈಗಾದವರಿಗೂ ವಾರದ ರಜೆ, ಮನೆಯಲ್ಲಿ ಕೂತು ನಿಮಿಷದಲ್ಲೇ ತೆಗೆದಿದ್ದರು.

ಈಗ ಬೆಳಿಗ್ಗೆ ಇತ್ತು ಎಂದಳು ಅಕ್ಕ. ಕಂಡಕ್ಟರ್ ಫೋನು ವಾಪಸು ಕೊಟ್ಟ. “ಅಡ್ಡಿಲ್ಲ ಅಕ್ಕ. ಕೆಲವರ ಹೆಸರು ರೇಂಜ್ ಇಲ್ದೆ ಇದ್ದಾಗ ಮಾತ್ರ ಬರ್ತದೆ.”

ಅವನಿಗೆ ಏನೂ ಗೊತ್ತಿರಲಿಲ್ಲ. ಇಡೀ ವ್ಯವಹಾರವನ್ನು ಅಷ್ಟು ಸರಿಯಾಗಿ ಬೇರೆ ಯಾರೂ ಹೇಳಿದ್ದೂ ಇಲ್ಲ.

ಮೊದಲು ನೀವು

ಅಚ್ಚಾಗಬೇಕು ತಾನೆ, ಅಚ್ಚು ಹಾಕುವವರ ಹತ್ತಿರವೇ ಹೋಗುವುದೆಂದು ಅಂಕೋಲೆಯ ಒಬ್ಬ ವರದಿಗಾರನನ್ನು ಹಿಡಿದೆವು. ಆತ ಊರಿನ ಕಡಲ ಉತ್ಸವದ ಸಮಿತಿಯಲ್ಲೂ ಇದ್ದ. ಉತ್ಸವಕ್ಕೆ ಒಣ ಶೆಟ್ಲಿ ಹಾಡಿದವರನ್ನೇ ಕರೆಸಿ ಶಾಲು ಹೊದೆಸಬೇಕೆಂದು ಸಮಿತಿಯವರಿಗೂ ಆಸೆಯಂತೆ. ಅಕ್ಕನ ಮುಖ ಬೆಳಗಿತು. ಆತ ಫೋನು ತೆಗೆದು ವಿಶ್ವಕೋಶ ನೋಡಿ, ಇದರಲ್ಲಿ ನಿಮ್ಮ ಹೆಸರಿಲ್ಲವಲ್ಲ ಬಾಯೋರೆ ಎಂದ.

ನೀವು ಪೇಪರಿನಲ್ಲಿ ಬರೆದರೆ ಅದರಲ್ಲಿ ಬರುತ್ತದೆ ಎಂದೆ ನಾನು.

ಅದರಲ್ಲಿ ಬಂದರೆ ನಾನು ಪೇಪರಿನಲ್ಲಿ ಬರೆಯುತ್ತೇನೆ ಎಂದ ಆತ. ಆಧಾರವಿಲ್ಲದೆ ಬರೆಯುವ ಪೈಕಿ ತಾನಲ್ಲವೆಂದೂ ಹೇಳಿದ. ಅದೇ ಮೇಜಿನ ಮೇಲಿದ್ದ ಆವತ್ತಿನ ಪೇಪರಿನಲ್ಲಿ, ಕಡಲಲ್ಲಿ ಮತ್ಸ್ಯಕನ್ಯೆ ಕಂಡ ಸುದ್ದಿ ಆತನದೇ ಹೆಸರಿನಲ್ಲಿ ಬಂದಿತ್ತು.

ನಾನು ಅದನ್ನು ಬೆರಳಿಟ್ಟು ತೋರಿಸಿದೆ. ಆತ ಸ್ವಲ್ಪವೂ ವಿಚಲಿತನಾಗಲಿಲ್ಲ.

“ಅದಕ್ಕೆ ಯಾರೂ ತಕರಾರು ಮಾಡಲಿಲ್ಲವಲ್ಲ.”

ಮೂಲದಂತೆ ಹಾಡಿ

ಶಾಲಿಗಲ್ಲದಿದ್ದರೂ ಅಕ್ಕ ಉತ್ಸವದ ವೇದಿಕೆ ಹತ್ತಬಹುದೆಂದು ವರದಿಗಾರನೇ ಒಂದು ದಾರಿ ಹೇಳಿದ. ಒಣ ಶೆಟ್ಲಿಯನ್ನು ಮೂಲದಂತೆ ಹಾಡುವ ಸ್ಪರ್ಧೆ ಇತ್ತು, ಯಾರೂ ಸೇರಬಹುದಿತ್ತು. ನಾನು ಬೇಡವೆಂದೆ. ಅವಳು ಕೇಳಲಿಲ್ಲ. ಒಂದು ಸಲ ಮೈಕಿನಲ್ಲಿ ಕೇಳಿದರೆ ನೆವನ ಯಾರಿಗೂ ಉಳಿಯುವುದಿಲ್ಲ ಎಂಬುದು ಅವಳ ಲೆಕ್ಕ. ತೀರ್ಪುಗಾರರಾಗಿ ಬಂದವರು ನಮ್ಮ ಪ್ರಾಧ್ಯಾಪಕರು.

ಅಕ್ಕ ಹಾಡಿದಳು. ಮರಳಿನ ಮೇಲೆ ಕೂತವರು ಕಡಲೆ ತಿನ್ನುವುದನ್ನು ಬಿಟ್ಟರು. ಆ ದಿನ ಅವಳ ದನಿಯಲ್ಲಿ ಯಂತ್ರ ತೆಳ್ಳಗೆ ಮಾಡಿದ್ದೆಲ್ಲ ತಿರುಗಿ ದಪ್ಪಗಾಗಿ ಬಂದಿತ್ತು. ಬಿಸಿಲೇ ನನ್ನ ಗಂಡ ಎಂಬಲ್ಲಿ ನಾನು ಸಮುದ್ರದ ಕಡೆ ಮುಖ ಮಾಡಿದೆ.

ಒಂದನೇ ಬಹುಮಾನ ಕಾಲೇಜಿನ ಹುಡುಗಿಯೊಬ್ಬಳಿಗೆ ಹೋಯಿತು. ಅವಳು ಹಿಂದಿನಿಂದ ಅಸಲಿ ಹಾಡನ್ನೇ ಹಾಕಿಸಿ ಅದರ ಮೇಲೆ ಹಾಡಿದ್ದಳು, ಕೇಳಿಸಿದ್ದು ಹೆಚ್ಚಾಗಿ ಅಸಲಿಯೇ. ಎರಡನೆಯದು ಯಾರದೋ. ಮೂರನೆಯದು ಅಕ್ಕನಿಗೆ. ಪ್ರಾಧ್ಯಾಪಕರು ಮೈಕಿನಲ್ಲಿ, ಈ ತಾಯಿಯ ಪ್ರಯತ್ನ ಮೆಚ್ಚತಕ್ಕದ್ದು, ಮೂಲ ಗಾಯಕಿಯ ಹತ್ತಿರ ಹತ್ತಿರ ಬಂದಿದ್ದಾರೆ, ಇನ್ನೂ ಅಭ್ಯಾಸ ಬೇಕು ಎಂದರು. ನಾನು ವೇದಿಕೆಯ ಹಿಂದೆ ಅವರನ್ನು ಹಿಡಿದು, ಹೋಟೆಲಿನಲ್ಲಿ ಕಣ್ಣು ಒರೆಸಿಕೊಂಡವರು ನೀವೇ ಅಲ್ಲವೆ ಎಂದು ಕೇಳಿದೆ. ಅದು ಖಾಸಗಿ ಎಂದರು ಅವರು.

ಮಾರನೇ ದಿನ ಪೇಪರಿನಲ್ಲಿ ಸುದ್ದಿ ಬಂತು. ಬಹುಮಾನ ಪಡೆದವರ ಹೆಸರು, ಊರು, ಎಲ್ಲ ಇತ್ತು. ಸಂಜೆ ಕೈಗಾದ ಬಸ್ಸು ಕಾಡಿನಿಂದ ಹೊರಬಂದ ಹೊತ್ತಿಗೆ ನನಗೆ ಫೋನು. ಕೈಗಾದವರದೇ, ಸಂತೋಷದಲ್ಲಿ ಹಲೋ ಎನ್ನುವುದನ್ನೂ ಮರೆತಿದ್ದರು. ಕಡೆಗೂ ಗಟ್ಟಿ ಆಧಾರ ಸಿಕ್ಕಿತು, ಅಕ್ಕನವರ ಹೆಸರು ನಾನೇ ನನ್ನ ಕೈಯಾರೆ ಹಾಕಿದ್ದೇನೆ, ಇನ್ನು ಯಾರಪ್ಪನಿಗೂ ತೆಗೆಯಲು ಬರುವುದಿಲ್ಲ ಎಂದರು.

ಅಡುಗೆಮನೆಗೆ ಓಡಿದೆ. ಅಕ್ಕ ಕೈ ತೊಳೆದು, ಸೆರಗಿನಲ್ಲಿ ಒರೆಸಿ, ಫೋನು ಹಿಡಿದಳು. ಹಾಡಿದವರು: ಖಾಲಿ. ಪುಟ ಇಳಿಸುತ್ತ ಹೋದೆವು. ತಾಳ ದಾಟಿತು, ಮದುವೆಗಳು ದಾಟಿದವು, ಶೆಟ್ಲಿಯ ರಾಶಿ ದಾಟಿತು. ಎಲ್ಲದರ ಕೆಳಗೆ ‘ಅನುಕರಣೆಗಳು’ ಎಂದಿತ್ತು. ಅಲ್ಲಿ ಅವಳ ಹೆಸರು, ಊರು ಸಮೇತ, ಒಂದು ಅಕ್ಷರ ತಪ್ಪಿಲ್ಲದೆ. ಈ ಹಾಡನ್ನು ಅನುಕರಿಸುವುದರಲ್ಲಿ ಮೂರನೇ ಬಹುಮಾನ ಪಡೆದವರು.

ನಾನು ಬೈಯಲು ಬಾಯಿ ತೆರೆದೆ. ಈಗಲೇ ತೆಗೆಸುತ್ತೇನೆ ಎಂದೆ. ಅವಳು ಫೋನು ಕೊಡಲಿಲ್ಲ. ತನ್ನ ಹೆಸರಿನ ಮೇಲೆ ಹೆಬ್ಬೆರಳಿಟ್ಟು, ಅದು ಒಣಗಲಿ ಎಂದು ಕಾಯುವವಳ ಹಾಗೆ ಬಹಳ ಹೊತ್ತು ನಿಂತಳು.

“ಇರ್ಲಿ ಬಿಡು ತಮಾ,” ಅಂದಳು. “ನನ್ನ ಹಾಗೆ ಹಾಡೂದಂದ್ರೆ ಸುಲಭ ಅಲ್ಲ. ನಂಗೇ ಮೂರನೇದು ಬಂತು.”