ನಾನಾ ಕೊಟ್ಟ ಗೀಸರ್

ವೃಂದಾ: ಹೊಡೆಯಲ್ಲ ರೀ. ಸುಮ್ನೆ ಒಂಚೂರು ಮುಟ್ಟುತ್ತೆ, ಅಷ್ಟೆ.

ಶ್ರೀಪಾದ: ಕರೆಂಟು ಮುಟ್ಟೋದು ಅಂದ್ರೆ ಹೊಡೆಯೋದೇ ಕಣೇ. ಅದೇನು ಮೈದಡವಿ ಕ್ಷೇಮ ಸಮಾಚಾರ ಕೇಳಿ ಹೋಗುತ್ತಾ?

ವೃಂದಾ: ಇಪ್ಪತ್ತೇಳು ವರ್ಷದಿಂದ ಅದರಲ್ಲೇ ಸ್ನಾನ ಮಾಡ್ತಿದೀರಿ. ಏನಾಗಿದೆ ನಿಮಗೆ?

ಶ್ರೀಪಾದ: ಏನಾಗಿದೆಯಾ? ಕಾಲಿಗೆ ರಬ್ಬರ್ ಚಪ್ಪಲಿ, ಕೈಯಲ್ಲಿ ಮರದ ಸೌಟು. ಸ್ವಿಚ್ ಹಾಕು, ಹನ್ನೊಂದು ನಿಮಿಷ ಕಾಯಿ, ಪೈಪಿಗೆ ಮೂರು ಸಲ ಬಡಿ, ಸ್ವಿಚ್ ತೆಗಿ, ಆಮೇಲೆ ನಲ್ಲಿ ತಿರುಗಿಸು. ಇದು ಸ್ನಾನ ಅಲ್ಲ, ಸತ್ಯನಾರಾಯಣ ಪೂಜೆ.

ವೃಂದಾ: ಪೂಜೆ ಆದ್ಮೇಲೆ ಬಿಸಿನೀರು ಬರುತ್ತೆ ತಾನೆ?

ಶ್ರೀಪಾದ: ಬರುತ್ತೆ. ಒಂದಿನ ಆಲೂಗಡ್ಡೆ ಬೇಯೋ ಹಾಗೆ, ಒಂದಿನ ಬಾವಿಯಿಂದ ಈಗ್ತಾನೆ ಸೇದಿದ ಹಾಗೆ.

ಲಿಮಯೆ ದಂಪತಿಯ ಜಗಳ ಕೇಳಲೆಂದು ನಾನು ಹೋದದ್ದಲ್ಲ. ಅದು ಗೋಡೆಯಾಚೆಯಿಂದಲೇ ಚೆನ್ನಾಗಿ ಕೇಳಿಸುತ್ತದೆ. ಸದಾಶಿವ ಪೇಠೆಯ ನಮ್ಮ ಹಳೆಯ ವಾಡೆಯ ವಠಾರದಲ್ಲಿ ಅವರ ಗೀಸರಿಗೆ ಸಿಟ್ಟು ಬಂದರೆ ನಮ್ಮ ಮನೆಯ ಫ್ಯೂಸು ಹಾರುತ್ತದೆ. ಅಂದು ಬೆಳಿಗ್ಗೆಯೂ ಹಾರಿತು. ಮಿಕ್ಸಿ ನಡುವೆಯೇ ನಿಂತಿತು. ಹೆಂಡತಿ ನನ್ನನ್ನು ದೂರು ಹೇಳಿ ಬರಲು ಅಟ್ಟಿದಳು.

ಮರುದಿನ ನರಕ ಚತುರ್ದಶಿ. ಲಿಮಯೆಯವರ ಮಗಳು ಮೈಥಿಲಿ ಹೊಸ ಗಂಡ ನಿಷಾದನ ಜೊತೆ ಸಂಜೆಗೆ ಬರುವವಳಿದ್ದಳು. ಮದುವೆಯಾದ ಮೇಲಿನ ಮೊದಲ ದೀಪಾವಳಿ. ಅಳಿಯನಿಗೆ ಎಣ್ಣೆ ಹಚ್ಚಿ, ಉಟಣೆಯ ಸುಗಂಧ ಪುಡಿ ತಿಕ್ಕಿ, ಹದವಾದ ಬಿಸಿನೀರು ಎರೆಯದಿದ್ದರೆ ಆ ಮನೆಯವರು ಪೇಠೆಯಲ್ಲಿ ತಲೆಯೆತ್ತಿ ತಿರುಗುವಂತಿಲ್ಲ.

ಶ್ರೀಪಾದ: ನಾಳೆ ಅಳಿಯನಿಗೆ ಏನು ಹೇಳ್ತೀಯ? "ನಿಷಾದ್‌ರಾವ್, ಆರತಿ ಆಯ್ತು, ಈಗ ಚಪ್ಪಲಿ ಹಾಕ್ಕೊಳ್ಳಿ" ಅಂತಲಾ?

ವೃಂದಾ: ಹೊಸ ಜೊತೆ ತಂದಿಟ್ಟಿದೀನಿ. ನೀಲಿ ಬಣ್ಣದ್ದು.

ಶ್ರೀಪಾದ: ಕೇಳಿದ್ರಾ? ಗೀಸರ್ ಹೊಸದು ಬೇಡವಂತೆ, ಚಪ್ಪಲಿ ಹೊಸದಂತೆ!

ವೃಂದಾ: ರಿಪೇರಿ ಮಾಡ್ಸೋಣ ಅಂದೆ. ಎಸೆಯೋ ಮಾತು ಮಾತ್ರ ಬೇಡ. ನಾನಾ ಅದನ್ನ ವಾಯಿ ಊರಿಂದ ಕೆಂಪು ಬಸ್ಸಲ್ಲಿ ತೊಡೆ ಮೇಲೆ ಇಟ್ಕೊಂಡು ತಂದಿದ್ದು.

ಶ್ರೀಪಾದ: ಗೊತ್ತು. ಅವರು ಇಳಿದ್ಮೇಲೆ ಮೆಟ್ಟಿಲ ಮೇಲೆ ಹೊತ್ತಿದ್ದು ನಾನು.

ನಾನಾ ಅಂದರೆ ವೃಂದಾತಾಯಿಯ ತಂದೆ. ಮಗಳ ಮೊದಲ ದೀಪಾವಳಿಗೆ ಎಲ್ಲರೂ ಅಳಿಯನಿಗೆ ಉಂಗುರ ಕೊಟ್ಟರೆ ಅವರು ಗೀಸರ್ ಕೊಟ್ಟರು. ಕೊಟ್ಟು ಸುಮ್ಮನಿರಲಿಲ್ಲ. ಪಾತ್ರೆಗಳಿಗೆ ಹೆಸರು ಹಾಕಿಸುವಂತೆ ಅದರ ಹೊರಮೈಗೂ ಹಾಕಿಸಿದ್ದರು: "ಚಿ. ಶ್ರೀಪಾದನಿಗೆ ಮಾವನ ಪ್ರೀತಿಯ ಕಾಣಿಕೆ." ಲಿಮಯೆಯವರು ದಿನಾ ಮೈ ಒರೆಸಿಕೊಳ್ಳುತ್ತ ಅದನ್ನು ಓದುತ್ತಾರೆ.

ವೃಂದಾತಾಯಿ ಚಹಾ ಮಾಡಲು ಒಳಗೆ ಹೋದದ್ದೇ ತಡ, ಲಿಮಯೆಯವರು ನನ್ನ ಕಿವಿಯ ಹತ್ತಿರ ಬಂದರು.

ಶ್ರೀಪಾದ: ಹೊಸದು ತಂದಾಗಿದೆ. ಮಂಚದ ಕೆಳಗೆ, ಹಾಸಿಗೆ ಸುರುಳಿ ಹಿಂದೆ ಇದೆ. ರಿಪೇರಿ ಬಬನರಾವ್‌ಗೂ ಹೇಳಿಕೊಟ್ಟಿದೀನಿ. ಬರ್ತಾನೆ, ಬಿಚ್ಚುತ್ತಾನೆ, "ಇದರ ಕಾಲ ಮುಗೀತು" ಅಂತಾನೆ. ಬೇರೆ ಒಂದಕ್ಷರ ಆಡಬಾರದು.

ನಾನು: ಆಡದೆ ಇರ್ತಾರಾ?

ಶ್ರೀಪಾದ: ಮೂರು ಸಲ ಹೇಳಿಸಿ ನೋಡಿದೀನಿ. ನನಗೂ ವಯಸ್ಸಾಯ್ತು ಮಾರಾಯ್ರೆ. ಸಾಯೋದ್ರೊಳಗೆ ಒಂದೇ ಒಂದಿನ ಬರಿಗಾಲಲ್ಲಿ ಸ್ನಾನ ಮಾಡ್ಬೇಕು.

ಬಬನರಾವ್ ಬಂದರು. ಈ ಗೀಸರಿನ ಖಾಯಂ ವೈದ್ಯರು ಅವರು; ಅವರ ಬಾಯಲ್ಲಿ ವೃಂದಾತಾಯಿ ‘ವೈನಿ’, ಅಂದರೆ ಅತ್ತಿಗೆ. ಬಿಚ್ಚಿದರು, ಇಣುಕಿದರು, ಉಸಿರು ಬಿಟ್ಟರು. ಅಷ್ಟರಲ್ಲಿ ವೃಂದಾತಾಯಿ ಚಕ್ಕುಲಿ, ಕರ್ಜಿಕಾಯಿಯಂಥ ಕರಂಜಿಯ ತಟ್ಟೆ ಹಿಡಿದು ಬಂದು ನಿಂತರು.

ಬಬನರಾವ್: ವೈನಿ, ಇದರ ಕಾಲ ಮುಗೀತು.

ವೃಂದಾ: ಕರಂಜಿ ತಗೊಳ್ಳಿ. ಖಂಡಿತಾನಾ?

ಬಬನರಾವ್: (ಅಗಿಯುತ್ತ) ಖಂಡಿತ ಅಂತ ಯಾವುದನ್ನ ಹೇಳೋಕಾಗುತ್ತೆ ವೈನಿ?

ಶ್ರೀಪಾದ: ಬಬನರಾವ್!

ಬಬನರಾವ್: ಮುಗೀತು ಸಾಹೇಬ್ರೆ. ಮುಗೀತಾ ಬಂತು.

ವೃಂದಾ: ನಾನಾ ಹೋಗಿ ನಾಲ್ಕು ವರ್ಷ ಆಯ್ತು. ಬೆಳಿಗ್ಗೆ ಇದು ಗುರ್ ಅಂದಾಗ ಅವರೇ ಎದ್ರು ಅನ್ಸುತ್ತೆ ನನಗೆ. ಅವರೂ ಹೀಗೇ ಗೊಣಗ್ತಾ ಏಳ್ತಿದ್ದಿದ್ದು.

ಬಬನರಾವ್ ಅಗಿಯುವುದನ್ನು ನಿಲ್ಲಿಸಿದರು. ನಾನು ಬಂದದ್ದು ಫ್ಯೂಸಿನ ದೂರು ಹೇಳಲು ಎಂಬುದೇ ಮರೆತುಹೋಯಿತು.

ಬಬನರಾವ್: ನಿಜ ಹೇಳ್ಬೇಕಂದ್ರೆ ವೈನಿ, ಕಾಯಿಲ್ ನಾಲ್ಕು ಸಲ ಬದಲಾಯ್ಸಿದೀನಿ. ಟ್ಯಾಂಕು ಎರಡು ಸಲ. ವೈರು, ವಾಲ್ವು, ದೀಪ ಎಲ್ಲಾ ನಾನೇ ಹಾಕಿದ್ದು. ನಾನಾ ಅವರದ್ದು ಅಂತ ಉಳಿದಿರೋದು ಹೊರಗಿನ ಹೊದಿಕೆ ಒಂದೇ.

ಶ್ರೀಪಾದ: ಹಾಂ! ಹಾಗಾದ್ರೆ ಹೊದಿಕೆ ಇಟ್ಕೋ. ಶೋಕೇಸಲ್ಲಿ ಗಣಪತಿ ಪಕ್ಕ ಇಡು. ದಿನಾ ಹೂ ಏರಿಸು.

ವೃಂದಾ: ನಿಮ್ಮ ಹಲ್ಲು ಕಟ್ಟಿಸಿದ್ದು, ಕಣ್ಣಲ್ಲಿರೋದು ಹೊಸ ಮಸೂರ, ಬಲ ಮೊಣಕಾಲು ಆಸ್ಪತ್ರೆಯವರು ಕೂರಿಸಿದ್ದು. ನಿಮ್ಮನ್ನ ಶೋಕೇಸಲ್ಲಿ ಇಟ್ಟಿದೀನಾ?

ಬಬನರಾವ್ ಇನ್ನೊಂದು ಕರಂಜಿ ತೆಗೆದುಕೊಂಡರು. ಲಿಮಯೆಯವರ ತಾಳ್ಮೆ ಕೆಟ್ಟಿತು. ಸರಸರನೆ ಒಳಗೆ ಹೋಗಿ, ಮಂಚದ ಕೆಳಗಿನಿಂದ ಪೆಟ್ಟಿಗೆಯನ್ನು ಎಳೆದು ತಂದು ನಡುಮನೆಯಲ್ಲಿ ಇಟ್ಟರು.

ಶ್ರೀಪಾದ: ಮುಚ್ಚುಮರೆ ಸಾಕು. ನೋಡು, ಹೊಸ ಗೀಸರ್ ತಂದಿದೀನಿ.

ವೃಂದಾ: ಗೊತ್ತು.

ಶ್ರೀಪಾದ: ಗೊತ್ತಾ?

ವೃಂದಾ: ಮೊನ್ನೆ ಹಾಸಿಗೆ ಬಿಸಿಲಿಗೆ ಹಾಕೋಕೆ ತೆಗೆದಾಗ ನೋಡ್ದೆ. ಅಲ್ಲೇ ಕೂತು ಅತ್ತುಬಿಟ್ಟೆ ರೀ.

ಶ್ರೀಪಾದ: (ಮೆತ್ತಗಾಗಿ) ಅಳೋದೇನಿತ್ತು ಅದರಲ್ಲಿ? ನಾನಾ ಬಗ್ಗೆ ನನಗೂ ಗೌರವ ಇದೆ.

ವೃಂದಾ: ಅದಕ್ಕೇ ಅತ್ತಿದ್ದು! ಅಳಿಯಂದ್ರಿಗೆ ಏನು ಕೊಡೋದು, ಏನು ಕೊಡೋದು ಅಂತ ಹತ್ತು ಸಲ ಕೇಳ್ದೆ. ನೀವು ಪೇಪರಿಂದ ತಲೆ ಎತ್ತಲಿಲ್ಲ. ನೋಡಿದ್ರೆ ನಾನಾ ಮಾಡಿದ ಹಾಗೇ ಮಾಡೋಕೆ ಹೊರಟಿದ್ರಿ! ಒಂದು ಮಾತು ಹೇಳಿಲ್ಲ ನನಗೆ.

ಲಿಮಯೆಯವರು ನನ್ನತ್ತ ನೋಡಿದರು. ನಾನು ಕ್ಯಾಲೆಂಡರಿನತ್ತ ನೋಡಿದೆ.

ಶ್ರೀಪಾದ: ಇದು... ಅಳಿಯನಿಗೆ...

ವೃಂದಾ: ನಿನ್ನೆ ನೀವು ಲೈಬ್ರರಿಗೆ ಹೋದಾಗ ರಿಕ್ಷಾದಲ್ಲಿ ತುಳಶಿಬಾಗಿನ ಪಾತ್ರೆ ಅಂಗಡಿಗೆ ತಗೊಂಡು ಹೋಗಿದ್ದೆ. ಸದ್ಯ, ಹೊರಮೈ ಸ್ಟೀಲಿಂದು ತಂದಿದ್ರಿ. ಪ್ಲಾಸ್ಟಿಕ್ ಮೇಲೆ ಅಕ್ಷರ ಕೂರಲ್ಲ ಅಂದ ಕೆತ್ತೋನು.

ಪೆಟ್ಟಿಗೆ ತೆರೆದರು. ಥಳಥಳಿಸುವ ಸ್ಟೀಲಿನ ಮೇಲೆ, ಎಡದಿಂದ ಬಲಕ್ಕೆ ತುಸು ಏರುತ್ತ ಹೋದ ಸಾಲು: "ಚಿ. ನಿಷಾದನಿಗೆ ಮಾವ ಶ್ರೀಪಾದ ಲಿಮಯೆಯ ಪ್ರೀತಿಯ ಕಾಣಿಕೆ."

ಬಬನರಾವ್: ಅಕ್ಷರ ಚೆನ್ನಾಗಿ ಕೂತಿದೆ.

ಶ್ರೀಪಾದ: (ಮೆಲ್ಲಗೆ) ಅಂಗಡಿಯವನು ವಾಪಸ್...

ಬಬನರಾವ್: ಹೆಸರು ಹಾಕಿಸಿದ್ದನ್ನ ಯಾರು ತಗೋತಾರೆ ಸಾಹೇಬ್ರೆ?

ಆಮೇಲೆ ಅರ್ಧ ಗಂಟೆ ಬಬನರಾವ್ ಬಚ್ಚಲಿನಲ್ಲಿದ್ದರು. ಅರ್ಥಿಂಗ್ ವೈರನ್ನು ಗೋಡೆಯೊಳಗೆ ಇಲಿ ಯಾವ ಕಾಲದಲ್ಲೋ ಕಡಿದಿತ್ತಂತೆ. ಹೊಸ ವೈರು ಎಳೆದರು, ಎಂಥದೋ ತಿರುಗಿಸಿದರು, ಹೊದಿಕೆ ಮುಚ್ಚಿದರು, ನಮ್ಮ ಫ್ಯೂಸನ್ನೂ ಹಾಕಿದರು. ಗೀಸರ್ ಗುರ್ ಎಂದಿತು. ನಮ್ಮ ಮನೆಯ ಮಿಕ್ಸಿಯೂ ಗುರ್ ಎಂದಿತು. ಬಬನರಾವ್ ನಲ್ಲಿಗೆ ಟೆಸ್ಟರ್ ಹಿಡಿದು ತೋರಿಸಿದರು, ಅದರ ದೀಪ ಹತ್ತಲಿಲ್ಲ.

ಬಬನರಾವ್: ಇನ್ನು ಚಪ್ಪಲಿ ಬೇಡ. ಬೆಣ್ಣೆ ಹಾಗೆ ನಡೆಯುತ್ತೆ.

ಇಪ್ಪತ್ತೇಳು ವರ್ಷದ ಬೇಡಿಕೆ ಈಡೇರಿದ್ದರೂ ಲಿಮಯೆಯವರ ಗಮನ ಅತ್ತ ಇರಲಿಲ್ಲ. ಅವರು ಹೊಸ ಗೀಸರಿನ ಮುಂದೆ ಕುಕ್ಕುರುಗಾಲಲ್ಲಿ ಕೂತು, ತಮ್ಮ ಹೆಸರಿನ ಮೇಲೆ ಬೆರಳಾಡಿಸುತ್ತಿದ್ದರು.

ಶ್ರೀಪಾದ: ವೃಂದಾ, ಮುಂದೆ ಇದು ಹಳೇದಾಗಿ ಕೆಟ್ಟುಹೋದ್ರೆ ಆ ಹುಡುಗ ಎಸೆದುಬಿಡ್ತಾನೇನೇ?

ವೃಂದಾ: ಎಸೆಯೋಕೆ ಮೈಥಿಲಿ ಬಿಡ್ತಾಳಾ? ನನ್ನ ಮಗಳು ಅವಳು.

ಲಿಮಯೆಯವರು ಎದ್ದು ಬಚ್ಚಲಿಗೆ ಹೋಗಿ, ನೀಲಿ ಬಣ್ಣದ ಹೊಸ ರಬ್ಬರ್ ಚಪ್ಪಲಿಗಳನ್ನು ತಂದು, ಪೆಟ್ಟಿಗೆಯೊಳಗೆ ಜೋಡಿಸಿಟ್ಟರು.

ಶ್ರೀಪಾದ: ಇದೂ ಇರಲಿ, ಪಾಪ. ಜೊತೆಗೆ ಒಂದು ಮರದ ಸೌಟು ಕೊಡು.