ಒಂದಾದರೂ ಉದ್ಘಾಟನೆ

ಸಣ್ಣ ಊರಿನ ಮುನ್ಸಿಪಾಲ್ಟಿಯೊಳಗ ಕಾರಕೂನಿಕಿ ಮಾಡಿದಾಂವ ನಾಟಕ ನೋಡಾಕ ಬ್ಯಾರೆ ಕಡೆ ಹೋಗಬೇಕಾಗಿಲ್ಲ. ಆಫೀಸಿನ್ಯಾಗ ದಿನಾ ಒಂದು ಪ್ರವೇಶ ಇದ್ದ ಇರತೈತಿ. ನಾನು ಧಾರವಾಡದಾಂವ. ಐವತ್ತರ ದಶಕದಾಗ ಕುರ್ಲಾದಿಂದ ಲೋಕಲ್ ಹಿಡಿದು ಮುಂಬಯಿ ಹೊರಗಿನ ಒಂದು ಮುನ್ಸಿಪಾಲ್ಟಿಗೆ ಹೋಗತಿದ್ದೆ. ಅಲ್ಲಿ ಅಧ್ಯಕ್ಷರು ಬೆಳಗಾವಿ ಕಡೆಯವರು, ಎಮ್ಮಿ ತಬೇಲಾ ಇಟ್ಟವರು, ಭಾಳ ಸಂಭಾವಿತರು. ಆದರ ಒಂದು ಚಿಂತಿ ಅವರನ್ನ ತಿಂತಿತ್ತು. ಆ ಊರು ಮುಂಬಯಿ ಕಾರ್ಪೊರೇಶನ್ನಿನ್ಯಾಗ ಕೂಡಿ ಮುನ್ಸಿಪಾಲ್ಟಿನ ಇಲ್ಲದಂಗ ಆಗೂದು ಪಕ್ಕಾ ಆಗಿತ್ತು.

"ಕುರ್ಚಿ ಹೋಗಲಿ ಬಿಡ್ರಿ," ಅಂತಿದ್ದರು. "ಅಷ್ಟರೊಳಗ ನನ್ನ ಕೈಲೆ ಒಂದಾದರೂ ಉದ್ಘಾಟನೆ ನೆಟ್ಟಗ ಆಗಬೇಕು."

ದೀಪ

ಮೊದಲಿಗೆ ಬೀದಿ ಕಂದೀಲಿನ ಕಂಬ. ಇಬ್ಬರು ಸದಸ್ಯರು "ನಮ್ಮ ಮನಿ ಮುಂದ" ಅಂತ ಜಗಳಾ ತಗದರು. ಅಧ್ಯಕ್ಷರು ನ್ಯಾಯ ಹೇಳಿದರು: ಎರಡೂ ಮನಿಗೆ ಸರೀ ನಡುವ. ಹಂಗ ನೆಟ್ಟಿವಿ. ಮಳಿಗಾಲದಾಗ ಅಲ್ಲಿ ಹೊಂಡ ಆಗತೈತಿ ಅನ್ನೂದು ಯಾರಿಗೂ ನೆನಪಾಗಲಿಲ್ಲ. ಉದ್ಘಾಟನೆ ದಿನ ಕಂಬ ನೀರಿನ ನಡುವ ನಿಂತಿತ್ತು. ಮಂದಿ, ಹಾರ, ಪೇಡೆ ಎಲ್ಲಾ ದಂಡಿ ಮ್ಯಾಲೆ.

ಅಧ್ಯಕ್ಷರು ದೀಪ ಹಚ್ಚಾವನ ಕಡೆ ನೋಡಿದರು. ಅಂವ ಕೈ ಮುಗದು ಅಂದ, "ಸಾಹೇಬ್ರ, ನೌಕರಿಗೆ ತಗೋಳೂ ಮುಂದ ಈಜು ಬರತೈತೇನು ಅಂತ ಯಾರೂ ಕೇಳಿರಲಿಲ್ರಿ."

ಕೊಂಡವಾಡ

ಬೀಡಾಡಿ ದನಾ ಕೂಡಿಹಾಕಾಕ ಕೊಂಡವಾಡ ಕಟ್ಟಿಸಿದರು. ಉದ್ಘಾಟನೆ ದಿನಾನ ಊರಾಗ ಒಂದೂ ಬೀಡಾಡಿ ದನಾ ಸಿಗಲಿಲ್ಲ. ಅಧ್ಯಕ್ಷರು ತಮ್ಮ ಎಮ್ಮೀನ ಒಳಗ ಹೊಡದು, ಚಪ್ಪಾಳಿ ಹೊಡಿಸಿಕೊಂಡು, ತಿರಗಿ ಹೊರಗ ಹೊಡಕೊಂಡು ಹೊಂಟರು. ನಾನು ತಡದೆ.

"ಅಧ್ಯಕ್ಷರ ಅಪ್ಪಣೆ ಇಲ್ಲದ ಬಿಡಂಗಿಲ್ರಿ."

"ನಾನ ಅಧ್ಯಕ್ಷ ಅಲ್ಲೇನೋ?"

"ಸ್ವಂತ ಎಮ್ಮಿಗೆ ನೀವ ಅಪ್ಪಣೆ ಕೊಟ್ಟರ ಎದುರು ಪಕ್ಷದವರು ಬಿಡತಾರೇನ್ರಿ? ಸಭಾ ಆಗಬೇಕು."

ಸಭಾ ಸೇರೂದರೊಳಗ ಎಮ್ಮಿ ಅಲ್ಲೇ ಈಯಿತು. ಎದುರು ಪಕ್ಷದವರು ಎದ್ದು ನಿಂತರು: ಕರಾ ಮುನ್ಸಿಪಾಲ್ಟಿ ಜಾಗಾದಾಗ ಹುಟ್ಟೇತಿ, ಅದು ಊರ ಮಂದೀದು! ಚರ್ಚಾ ಕಾವೇರಿತು. ಆ ವರ್ಷ ನಮ್ಮ ಸಭಾದಾಗ ಒಮ್ಮತದಿಂದ ಪಾಸಾದ ಠರಾವು ಒಂದ ಒಂದು: ಗಿಣ್ಣ ಮಾತ್ರ ಎಲ್ಲಾ ಸದಸ್ಯರಿಗೂ ಹಂಚೂದು.

ನಳ

ಕಡೀಗೆ ಉಳದದ್ದು ಒಂದು ಸಾಲುಖೋಲಿ ಚಾಳಿನ ನಳ. ಅಲ್ಲಿ ಹೆಂಗಸರು ರೈಲು ಹಳಿ ದಾಟಿ ನೀರು ತರತಿದ್ದರು, ಪಾಪ. ಪೈಪು ಬಂದು ನಳ ಕೂತಾಗ ಮುನ್ಸಿಪಾಲ್ಟಿಯ ಕಡೀ ದಿನ ಬಂದಿತ್ತು. ನೀರು ಬೆಳಿಗ್ಗೆ ಒಂದು ತಾಸು ಅಷ್ಟ.

ಅಧ್ಯಕ್ಷರು ಕರೀ ಕೋಟು, ಟೊಪಿಗಿ ಹಾಕ್ಕೊಂಡು ಬ್ಯಾಂಡಿನ ಸಮೇತ ಬಂದರು. ನೋಡತೀವಿ, ಚಾಳಿನ ತುದಿತನಕ ಕೊಡಗಳ ಪಾಳಿ! ಚಾಳಿನ ಕಾನೂನ ಹಂಗ. ಮನಷಾ ಇರದಿದ್ದರೂ ನಡೀತೈತಿ, ಅವನ ಕೊಡಾ ಇದ್ದರ ಪಾಳಿ ಅವಂದ. ಎಲ್ಲಾರಕಿಂತ ಮುಂದ ಉಡುಪಿ ಕಡೆಯ ಒಬ್ಬಾಕಿ ಅಕ್ಕ, ಹೋಟೆಲಿನ ಅಡಿಗಿಯವನ ಹೇಣ್ತಿ. ನೀರಿನ ಹೊತ್ತಾಗಿತ್ತು, ಆಕಿ ರಿಬ್ಬನ್ನಿನ ಕೆಳಗ ಕೊಡಾ ಇಟ್ಟು ನಳಾ ತಿರುವೇಬಿಟ್ಟಳು.

"ತಾಯಿ, ತಡೀರಿ! ನಾನು ಅಧ್ಯಕ್ಷ. ಉದ್ಘಾಟನೆ ಮಾಡಬೇಕು," ಅಂದರು ಇವರು.

"ಮಾಡಿ ಮಾರಾಯ್ರೆ, ಬೇಡ ಹೇಳಿದ್ದು ಯಾರು? ನಿಮ್ಮ ಕೊಡಪಾನ ಎಲ್ಲುಂಟು?"

ಅಧ್ಯಕ್ಷರು ನನ್ನ ಮಾರಿ ನೋಡಿದರು. ನಾನು ಪಾಳಿಯ ತುದಿ ತೋರಿಸಿದೆ. ಅವರು ಟೊಪಿಗಿ ತಗದು ಕಡೀ ಕೊಡದ ಹಿಂದ ಇಟ್ಟರು. ಒಂದೊಂದು ಕೊಡಾ ತುಂಬಿದಂಗ ಟೊಪಿಗಿ ಮುಂದ ಸರೀತಿತ್ತು. ಬ್ಯಾಂಡಿನವರು ಬಾರಿಸಿ ಸಾಕಾಗಿ ಚಹಾಕ್ಕ ಹೋದರು. ನನಗ ಖರೇನ ಕೆಟ್ಟ ಅನಿಸಿತು. ಅಂತೂ ಟೊಪಿಗಿ ನಳದ ಬುಡಕ್ಕ ಬಂತು. ಅಧ್ಯಕ್ಷರು ರಿಬ್ಬನ್ ಕತ್ತರಿಸಿ, ದೇವರನ್ನ ನೆನೆದು, ನಳಾ ತಿರುವಿದರು.

ಸುಂಯ್ ಅಂತ ಗಾಳಿ ಬಂತು. ತಾಸು ಮುಗದಿತ್ತು.

ಬಾಗಿಲದಾಗ ನಿಂತು ನೋಡತಿದ್ದ ಅಕ್ಕಗ ಕನಿಕರ ಬಂತು. ಟೊಪಿಗಿ ಎತ್ತಿ, ಧೂಳು ಜಾಡಿಸಿ ಕೊಟ್ಟಳು. "ಬೇಜಾರು ಮಾಡ್ಬೇಡಿ. ನಾಳೆ ಬೇಗ ಬನ್ನಿ, ನಿಮ್ಮದೇ ಮೊದಲು."

"ನಾಳೆ ನಾ ಅಧ್ಯಕ್ಷ ಇರೂದಿಲ್ಲ, ತಾಯಿ."

"ಅದಕ್ಕೆಂತ? ನೀವು ಇಲ್ಲದಿದ್ರೂ ಅಡ್ಡಿಲ್ಲ, ಟೊಪ್ಪಿ ಇದ್ರೆ ಸಾಕು."