ಡ್ರೈಯರ್‌ಗೆ ಹೋಗಿ ಬಂದ ಪುಟ್ಟ ಮನೆ

ಯಾವ ವಸ್ತುವನ್ನಾದರೂ ಒಮ್ಮೆ ಕೈಯಲ್ಲಿ ಹಿಡಿದರೆ ಸಾಕು, ಅದರ ವಯಸ್ಸನ್ನು ಹೇಳಿಬಿಡುವ ಶಕ್ತಿ ನನಗೆ ಹುಟ್ಟಿನಿಂದಲೇ ಬಂದಿದೆ ಎಂದು ನಾನು ನಂಬಿದ್ದೆ. ಹಿತ್ತಾಳೆ ಚೊಂಬು, ಗೋಡೆ ಗಡಿಯಾರ, ಊಟಿ ಮಾರ್ಕೆಟ್ಟಿನ ಬೀನ್ಸು, ಯಾವುದೂ ನನ್ನಿಂದ ವಯಸ್ಸು ಮುಚ್ಚಿಡುವಂತಿರಲಿಲ್ಲ. ನಮ್ಮ ಹಟ್ಟಿಯ ಹೆಂಗಸರಂತೂ ನನ್ನ ಎದುರು ತಮ್ಮ ವಯಸ್ಸಿನ ಮಾತನ್ನೇ ಎತ್ತುತ್ತಿರಲಿಲ್ಲ!

ಇಂಥ ಶಕ್ತಿ ಇದ್ದವಳು ಸುಮ್ಮನೆ ಕೂರುವುದು ಹೇಗೆ? ಸಂಗ್ರಹಕ್ಕೆ ಇಳಿದೆ. ಸಂಗ್ರಹಿಸಿದ್ದು ಒಂದರ ಮೇಲೊಂದು ಒತ್ತಿ ಮನೆ, ಸೇತುವೆ ಕಟ್ಟುವ ಪ್ಲಾಸ್ಟಿಕ್ ಇಟ್ಟಿಗೆಗಳನ್ನು. ಅದೂ ಹಳೆಯವನ್ನು ಮಾತ್ರ. ನಮ್ಮ ಕಡೆ ಹಳೆಯ ಬಂಗಲೆಗಳಿಗೆ ಬರವಿಲ್ಲ. ಯಾವುದಾದರೂ ಬಂಗಲೆ ಖಾಲಿಯಾದರೆ ಜನ ಕುರ್ಚಿ, ಕನ್ನಡಿಗಳ ಹಿಂದೆ ಓಡುತ್ತಾರೆ. ನಾನು ಅಟ್ಟ ಹತ್ತಿ ಬಿಸ್ಕತ್ತಿನ ತಗಡು ಡಬ್ಬಿಗಳನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇನೆ. ಗಲಗಲ ಅಂದರೆ ಇಟ್ಟಿಗೆ. ಕೆಲವು ಸಲ ಅಂಗಿ ಗುಂಡಿ. ಒಮ್ಮೆ ಯಾರದೋ ಹಲ್ಲುಸೆಟ್ಟು.

ಈ ಕ್ಷೇತ್ರದಲ್ಲಿ ನನಗೆ ಪ್ರತಿಪಕ್ಷವೂ ಇದೆ. ಗೂಡಲೂರಿನಲ್ಲಿರುವ ನನ್ನ ನಾದಿನಿ ಸರಸು. ಅವಳು ಕೂಡಿಹಾಕುವುದು ಹೊಸ ಇಟ್ಟಿಗೆಗಳನ್ನು. ಬಾಗಿಲು ತೆರೆಯುವ ಕೋಟೆ, ದೀಪ ಹತ್ತುವ ರೈಲು, ಒಳಗೆ ಕಕ್ಕಸುಮನೆ ಕೂಡ ಇರುವ ರಾಕೆಟ್ಟು! ಪ್ರತಿ ಪೆಟ್ಟಿಗೆಯ ಜೊತೆ ದಿಂಬಿನಷ್ಟು ದಪ್ಪದ ವಿವರಣೆ ಪುಸ್ತಕ.

"ಅತ್ತಿಗೇ, ನಿಮ್ಮದು ಕೆಂಪು, ಬಿಳಿ, ಅಷ್ಟೇ. ನನ್ನ ಹತ್ರ ಗಿಳಿಹಸಿರೇ ನಾಲ್ಕು ತರಹ ಇದೆ," ಎಂದು ಅವಳು ಫೋನಿನಲ್ಲಿ ಹೇಳುತ್ತಾಳೆ.

"ಪುಸ್ತಕ ನೋಡ್ಕೊಂಡು ಕಟ್ಟೋದು ಅಡುಗೆ ಪುಸ್ತಕ ನೋಡಿ ಅನ್ನ ಮಾಡಿದ ಹಾಗೆ. ಹಳೇದರಲ್ಲಿ ತಲೆ ಓಡಿಸ್ಬೇಕು ಸರಸೂ," ಎಂದು ನಾನು ಹೇಳುತ್ತೇನೆ.

"ಓಡಿಸಿ ಓಡಿಸಿ. ಎಲ್ಲಿಗೆ ಹೋಗಿ ಮುಟ್ಟುತ್ತೋ ನೋಡೋಣ!"

ಮುಟ್ಟಿದ್ದು ಟೀ ಫ್ಯಾಕ್ಟರಿಗೆ. ಅದನ್ನೇ ಹೇಳಲು ಹೊರಟಿದ್ದೇನೆ.

ಲವ್‌ಡೇಲ್‌ನಲ್ಲಿ ರೋಸಿ ಟೀಚರ್ ಎಂಬ ಅಜ್ಜಿ ಇದ್ದಾರೆ. ಪಿಯಾನೋ ಕಲಿಸುತ್ತಿದ್ದವರು, ಈಗ ಕೈ ನಡುಗುತ್ತದೆ. ನಮ್ಮ ಮನೆಯಿಂದ ಅವರಿಗೆ ಹಾಲು ಹೋಗುತ್ತದೆ, ಹಾಲಿನ ಜೊತೆ ನನ್ನ ಇಟ್ಟಿಗೆ ಪುರಾಣವೂ ಹೋಗುತ್ತಿತ್ತು. ಒಂದು ಬೆಳಿಗ್ಗೆ ಅವರು ಒಳಗಿನಿಂದ ಒಂದು ರಟ್ಟಿನ ಪೆಟ್ಟಿಗೆ ತಂದು ನನ್ನ ಮಡಿಲಲ್ಲಿ ಇಟ್ಟರು. ಅವರ ಅಪ್ಪ ಹಡಗಿನಲ್ಲಿ ತಂದದ್ದಂತೆ. ಮುಚ್ಚಳದ ಮೇಲೆ ಬಿಳಿ ಗೋಡೆ, ಕೆಂಪು ಮಾಡಿನ ಪುಟ್ಟ ಮನೆಯ ಚಿತ್ರ. ನನ್ನ ಎದೆ ಗಲಗಲ ಅಂದಿತು!

"ನಾನೂ ನನ್ನ ತಮ್ಮನೂ ಇದೇ ಮನೆ ಕಟ್ತಾ ಇದ್ವಿ ಚೈಲ್ಡ್. ಅವನು ಹೋಗಿಬಿಟ್ಟ. ನನ್ನ ಕೈ ನಿಲ್ಲಲ್ಲ. ಭಾನುವಾರ ನಿಮ್ಮ ಮನೆಗೆ ಟೀಗೆ ಬರ್ತೀನಿ. ಇದು ನಿಂತಿರೋದನ್ನ ಒಂದೇ ಒಂದು ಸಲ ನೋಡ್ಬೇಕು. ಆಮೇಲೆ ಪೆಟ್ಟಿಗೆ ನೀನೇ ಇಟ್ಕೋ. ಆದ್ರೆ ಒಂದ್ ವಿಷಯ, ಆ ಮೂಲೆ ಇದೆಯಲ್ಲ..."

"ನನಗೆಲ್ಲಾ ಗೊತ್ತು ಟೀಚರ್!" ಎಂದೆ ನಾನು.

ತಜ್ಞರಿಗೆ ಯಾರೂ ಏನನ್ನೂ ವಿವರಿಸಬೇಕಾಗಿಲ್ಲವಲ್ಲ.

ಮನೆಗೆ ಬಂದು ಕಟ್ಟಲು ಕೂತೆ. ಮೂರು ಗೋಡೆ ಚೆನ್ನಾಗಿಯೇ ಎದ್ದವು. ನಾಲ್ಕನೆಯದರ ಮೂಲೆ ಮಾತ್ರ ಕೂಡಲೇ ಇಲ್ಲ. ನಾಲ್ಕು ಇಟ್ಟಿಗೆಗಳು ಸ್ವಲ್ಪ ಬಾಗಿದ್ದವು. ಎಷ್ಟು ಒತ್ತಿದರೂ ನಡುವೆ ಒಂದು ಸಂದಿ. ನಾನು ಕನ್ನಡಕ ಹಾಕಿಕೊಂಡು ಪರೀಕ್ಷಿಸಿ ರೋಗ ನಿರ್ಣಯ ಮಾಡಿದೆ: ಥಂಡಿ!

ಊಟಿಯಲ್ಲಿ ಏನು ಕೆಟ್ಟರೂ ಕಾರಣ ಥಂಡಿಯೇ. ಉಪ್ಪು ನೀರಾದರೆ ಥಂಡಿ, ಬಾಗಿಲು ಸಿಕ್ಕಿಕೊಂಡರೆ ಥಂಡಿ, ಸೊಸೆ ಮಾತು ಬಿಟ್ಟರೂ ಥಂಡಿ. ಇಷ್ಟು ವರ್ಷ ಮಂಜಿನಲ್ಲಿ ನೆಂದ ಇಟ್ಟಿಗೆ ಊದಿಕೊಂಡಿದೆ, ಒಣಗಿಸಿದರೆ ಸರಿಹೋಗುತ್ತದೆ. ಆದರೆ ಒಣಗಿಸುವುದು ಎಲ್ಲಿ? ಹಗ್ಗದ ಮೇಲೆ ಹಾಕಿದ ಸ್ವೆಟರೇ ಹೋದ ವಾರದಿಂದ ಒಣಗಿರಲಿಲ್ಲ.

ನನ್ನ ಯಜಮಾನರು ಟೀ ಫ್ಯಾಕ್ಟರಿಯಲ್ಲಿ ಎಲೆ ಬಾಡಿಸುವ ವಿಭಾಗ ನೋಡಿಕೊಳ್ಳುತ್ತಾರೆ. ಕೊಯ್ದ ಹಸಿ ಎಲೆಯನ್ನು ಉದ್ದದ ತೊಟ್ಟಿಗಳ ಬಲೆಯ ಮೇಲೆ ಹರಡಿ, ಕೆಳಗಿನಿಂದ ಗಾಳಿ ಬಿಟ್ಟು ನೀರಿನಂಶ ತೆಗೆಯುವ ಜಾಗ. ಟೀ ಕುಟುಂಬದವಳಾದ ನನಗೆ ಜಗತ್ತಿನ ಯಾವ ಒದ್ದೆಗೂ ಇದೇ ಪರಿಹಾರ. ನಮ್ಮ ಮನೆಯ ಕೊತ್ತಂಬರಿ ಬೀಜ, ಹಪ್ಪಳ, ಒಮ್ಮೆ ಯಜಮಾನರ ಮದುವೆ ಕೋಟು, ಎಲ್ಲವೂ ಅಲ್ಲಿ ಬಾಡಿ ಬಂದಿವೆ.

"ಎಲೆ ತೊಟ್ಟೀಲಿ ಆಟದ ಸಾಮಾನಾ? ಮ್ಯಾನೇಜರ್ ನೋಡಿದ್ರೆ ನನ್ನೇ ಹರಡಿ ಬಾಡಿಸ್ತಾರೆ!" ಎಂದರು ಇವರು.

"ಮೂಲೆಯಲ್ಲಿ ಒಂದು ತಟ್ಟೆ ಇಡೋಕೆ ಯಾವ ಮ್ಯಾನೇಜರ್? ಒಬ್ಬ ಮುದುಕಿಗೆ ಕೊಟ್ಟ ಮಾತು ರೀ."

ತಟ್ಟೆ ಹೋಯಿತು. ಸಂಜೆ ವಾಪಸ್ಸು ಬಂತು. ನಾಲ್ಕು ಇಟ್ಟಿಗೆ ಹೇಗೆ ಬಾಗಿದ್ದವೋ ಹಾಗೇ ಇದ್ದವು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಬಿಡುತ್ತಿದ್ದರು. ನಾನು ಯೋಚನೆ ಮಾಡಿದೆ!

"ಬರೀ ಬಾಡಿಸಿದ್ರೆ ಟೀಪುಡಿ ಆಗುತ್ತಾ? ಆಮೇಲೆ ಡ್ರೈಯರ್‌ಗೆ ಹಾಕಲ್ವಾ?"

ಇವರು ಚಪಾತಿ ತುಂಡು ಕೈಯಲ್ಲೇ ಹಿಡಿದು ನನ್ನನ್ನು ನೋಡಿದರು. "ಡ್ರೈಯರ್ ಬೆಂಕಿ ಕಣೇ. ಅದು ಪ್ಲಾಸ್ಟಿಕ್ಕು."

"ಒಳಗೆ ಹಾಕಿ ಅಂದ್ನಾ? ಬಿಸಿಗಾಳಿ ಬರೋ ಬಾಯಿ ಹತ್ರ ಇಡಿ. ಹಳೇ ಕಾಲದ ಮಾಲು ರೀ, ಗಟ್ಟಿ! ಇದೇನು ಸರಸು ತರೋ ಹೊಸ ಸಾಮಾನಾ? ಮತ್ತೆ ನಾಲ್ಕೇ ಯಾಕೆ, ಪೆಟ್ಟಿಗೆ ಪೂರ್ತಿ ತಗೊಂಡ್ಹೋಗಿ. ಎಲ್ಲಕ್ಕೂ ಒಂದೇ ಹದ ಇರ್ಲಿ."

"ನಿನ್ನಿಷ್ಟ," ಎಂದರು ಇವರು. ಈ ಒಂದು ಮಾತನ್ನು ಇವರು ಹೇಳಿದಾಗಲೆಲ್ಲ ನಾನು ನಿಲ್ಲಿಸಿದ್ದರೆ ನನ್ನ ಬದುಕು ಬೇರೆಯೇ ಆಗಿರುತ್ತಿತ್ತು.

ಶುಕ್ರವಾರ ಮಧ್ಯಾಹ್ನ ತಟ್ಟೆಯ ಮೇಲೆ ಟವಲು ಮುಚ್ಚಿಕೊಂಡು ಬಂದರು. ಮುಖ ನೋಡಿಯೇ ನನಗೆ ಅನುಮಾನ ಬಂತು. ಟವಲು ತೆಗೆದೆ. ಹಳೆಯ ಮಾಲು ಬಿಸಿಯನ್ನು ಒಂದು ಚೂರೂ ತಡೆಯುವುದಿಲ್ಲ, ಗಟ್ಟಿಯಾಗಿರುವುದು ಹೊಸದೇ ಎಂಬ ಜ್ಞಾನ ನನಗೆ ಆಗ ಪ್ರಾಪ್ತವಾಯಿತು. ಒಂದು ಇಟ್ಟಿಗೆ ಬಾಳೆಹಣ್ಣಿನಂತೆ, ಇನ್ನೊಂದು ಕಿವಿಯಂತೆ. ಕೆಂಪು ಮಾಡು ಹುರಿದ ಹಪ್ಪಳದಂತೆ ಮುರುಟಿಕೊಂಡಿತ್ತು. ಒಳ್ಳೆಯ ಸುದ್ದಿ ಒಂದೇ: ಎಲ್ಲಕ್ಕೂ ಒಂದೇ ಹದ ಬಂದಿತ್ತು!

"ಈಗ ಏನ್ ಮಾಡ್ತೀ?" ಎಂದರು ಇವರು.

ಅಳಬೇಕು ಅನ್ನಿಸಿತು. ಸಾಮಾನು ಹೋದದ್ದಕ್ಕಲ್ಲ. ಭಾನುವಾರ ಟೀಚರ್ ತಮ್ಮ ಒಳ್ಳೆಯ ಸ್ಕಾರ್ಫು ಕಟ್ಟಿಕೊಂಡು, ಕೋಲೂರಿಕೊಂಡು ಬರುತ್ತಾರೆ. ಅವರಿಗೆ ಏನು ತೋರಿಸಲಿ? ಮಾನ ಬಿಟ್ಟು ಗೂಡಲೂರಿಗೆ ಫೋನು ಮಾಡಿದೆ.

ಶನಿವಾರ ಬೆಳಗಿನ ಬಸ್ಸಿಗೇ ಸರಸು ಹತ್ತಿ ಬಂದಳು. ತಟ್ಟೆ ನೋಡಿ, "ಏನಿದು ಅತ್ತಿಗೇ! ಗೇರುಬೀಜಾನಾ?" ಎಂದಳು. ಆಮೇಲೆ ಚೀಲ ಬಿಚ್ಚದೆ ಅದರ ಮೇಲೆ ಕೈಯಿಟ್ಟು ಕೂತಳು. "ಹೊಸದೇ ಮೇಲು ಅಂತ ಒಂದು ಸಲ ಬಾಯಿಬಿಟ್ಟು ಹೇಳಿ. ಆಮೇಲೆ ತೆಗೀತೀನಿ."

"ಹೊಸದೇ ಮೇಲು."

"ಅಣ್ಣನಿಗೆ ಕೇಳಿಸ್ಲಿಲ್ಲ."

"ಹೊಸದೇ ಮೇಲು!" ಎಂದು ಕೂಗಿದೆ. ಹಿತ್ತಲಿನಲ್ಲಿದ್ದ ಹಸು ಕೂಡ ತಿರುಗಿ ನೋಡಿತು.

ಮುಚ್ಚಳದ ಚಿತ್ರ ನೋಡಿಕೊಂಡು ಸರಸು ಅದೇ ಮನೆಯನ್ನು ಕಟ್ಟಿಬಿಟ್ಟಳು. ಒಂದು ಸಂದಿಯಿಲ್ಲ, ಒಂದು ಓರೆಯಿಲ್ಲ. ತೊಂದರೆ ಒಂದೇ, ಹೊಸ ಬಿಳಿ ಹಲ್ಲುಜ್ಜಿದ ಹಾಗೆ ಹೊಳೆಯುತ್ತಿತ್ತು. ಎಪ್ಪತ್ತು ದಾಟಿದವರ ಬಾಲ್ಯ ಅಷ್ಟು ಬೆಳ್ಳಗಿದ್ದರೆ ಯಾರು ನಂಬುತ್ತಾರೆ?

"ವಯಸ್ಸು ಹಾಕೋಣ," ಎಂದೆ. ಟೀ ಮನೆಯಲ್ಲಿ ವಯಸ್ಸಿಗೇನು ಬರ? ಅನ್ನದ ಪಾತ್ರೆಯ ತುಂಬ ಗಟ್ಟಿ ಡಿಕಾಕ್ಷನ್ ಮಾಡಿ, ಆರಲು ಬಿಟ್ಟು, ಮನೆಯನ್ನು ಬಿಚ್ಚಿ ಇಟ್ಟಿಗೆಗಳನ್ನು ಮುಳುಗಿಸಿದೆವು. ಇವರಿಗೂ ಉತ್ಸಾಹ ಬಂತು. ಒಂದು ಇಟ್ಟಿಗೆಯನ್ನು ಚಮಚದಲ್ಲಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು, ಫ್ಯಾಕ್ಟರಿಯಲ್ಲಿ ಟೀ ರುಚಿ ನೋಡುವವರ ಗತ್ತಿನಲ್ಲಿ ಹೇಳಿದರು: "ಬಣ್ಣ ಸಾಲ್ದು. ಇನ್ನೊಂದು ಪಟ್ಟು ಪುಡಿ ಹಾಕಿ."

ಮೂರು ಸಲ ನೆನೆಸಿದೆವು. ಹದವಾದ ಹಳದಿ ಬಂತು. ಮೂವರೂ ಒಬ್ಬರನ್ನೊಬ್ಬರು ಹೊಗಳಿಕೊಂಡೆವು. ಡೊಂಕು ಇಟ್ಟಿಗೆಗಳನ್ನು ಅಕ್ಕಿ ಡಬ್ಬದಲ್ಲಿ ಹೂತೆವು.

ಭಾನುವಾರ ಟೀಚರ್ ಬಂದರು. ಹಸಿರು ಸ್ಕಾರ್ಫು. ಮೇಜಿನ ಮೇಲೆ ಮನೆ, ಪಕ್ಕದಲ್ಲಿ ನಿಪ್ಪಟ್ಟು. ಅವರು ಕೂತು, ಮನೆಯ ಸುತ್ತ ಕಣ್ಣಾಡಿಸಿ, ಮೂಲೆಯ ಮೇಲೆ ನಡುಗುವ ಬೆರಳಿಟ್ಟರು.

"ಸಂದಿ ಎಲ್ಲಿ?"

"ಸರಿ ಮಾಡಿಬಿಟ್ಟೆ ಟೀಚರ್!" ಎಂದೆ ಹೆಮ್ಮೆಯಿಂದ.

ಅವರು ಮನೆಯನ್ನು ಮೂಗಿನ ಹತ್ತಿರ ತಂದರು. "ನಮ್ಮಪ್ಪ ಹಡಗಲ್ಲಿ ತಂದ ಮನೆಗೆ ಟೀ ವಾಸನೆ ಹೆಂಗೆ ಬಂತು?"

ನಾನು ನಿಪ್ಪಟ್ಟಿನ ತಟ್ಟೆ ಮುಂದೆ ತಳ್ಳಿದೆ. ಸರಸು ಸೀಲಿಂಗ್ ನೋಡಿದಳು. ಮೂವತ್ತು ವರ್ಷ ಸಂಸಾರ ಮಾಡಿದ ನನ್ನ ಯಜಮಾನರು ಎದ್ದು ನಿಂತು, "ನಾನು ಬೇಡ ಅಂದಿದ್ದೆ ಟೀಚರ್!" ಎಂದುಬಿಟ್ಟರು.

ಎಲ್ಲವೂ ಹೊರಬಂತು. ತೊಟ್ಟಿ, ಡ್ರೈಯರ್, ಡಿಕಾಕ್ಷನ್, ಕೊನೆಗೆ ಅಕ್ಕಿ ಡಬ್ಬವೂ. ಟೀಚರ್ ಕೈಯಲ್ಲಿದ್ದ ಮನೆಯನ್ನು ಮೇಜಿನ ಮೇಲಿಟ್ಟರು. ಆಮೇಲೆ ಮೆಲ್ಲಗೆ, "ಅದನ್ನೇ ಹೇಳೋಕೆ ಬಂದೆ ಅವತ್ತು. ನೀನು ಬಿಡಲಿಲ್ಲ. ಆ ನಾಲ್ಕು ನನ್ನ ತಮ್ಮ ಹಾಳು ಮಾಡಿದ್ದು. ಗೊಂಬೆಗೆ ಚಳಿ ಅಂತ ಗೋಡೆ ಸಮೇತ ಅಗ್ಗಿಷ್ಟಿಕೆ ಹತ್ರ ಇಟ್ಟಿದ್ದ. ಆಮೇಲೆ ಆ ಸಂದಿಗೆ ಕಣ್ಣಿಟ್ಟು, ಒಳಗೆ ಯಾರಿದ್ದೀರಿ ಅಂತ ಕೇಳೋನು. ಈ ಕಡೆಯಿಂದ ನಾನು, ಯಾರೂ ಇಲ್ಲ ಅನ್ನೋಳು. ದಿನಾ ಅದೇ ಆಟ. ಅದನ್ನ ನೋಡೋಕೆ ಬಂದಿದ್ದು," ಎಂದರು.

ನನಗೆ ಮೇಜಿನ ಕೆಳಗೆ ಜಾಗವಿದೆಯೇ ಎಂದು ನೋಡಬೇಕೆನಿಸಿತು.

"ಎಲ್ಲಿವೆ? ತಗೊಂಬಾ," ಎಂದರು ಟೀಚರ್.

ಅಕ್ಕಿ ಕೊಡವಿ ತಂದೆ. ಬಾಳೆಹಣ್ಣು, ಕಿವಿ, ಗೇರುಬೀಜ ಎಲ್ಲ ಮೇಜಿನ ಮೇಲೆ ಬಿದ್ದವು. ಟೀಚರ್ ನೋಡಿದರು. ಭುಜ ಅಲ್ಲಾಡತೊಡಗಿತು. ಅಳುತ್ತಿದ್ದಾರೆ ಅಂದುಕೊಂಡೆ. ನಗುತ್ತಿದ್ದರು!

"ಅವನು ಇಡೀ ಬಾಲ್ಯದಲ್ಲಿ ನಾಲ್ಕೇ ನಾಲ್ಕು ಹಾಳು ಮಾಡಿದ್ದು ಚೈಲ್ಡ್. ನೀನು ಒಂದೇ ಶಿಫ್ಟಿನಲ್ಲಿ..."

ಕೂಡದ ಇಟ್ಟಿಗೆಗಳ ನಡುವೆ ಚಪಾತಿ ಹಿಟ್ಟು ಮೆತ್ತಿ, ಹಿಂದೆ ಬಿಸ್ಕತ್ತಿನ ಡಬ್ಬಿ ಆನಿಸಿ, ನಾಲ್ವರೂ ಸೇರಿ ಏನೋ ಒಂದನ್ನು ನಿಲ್ಲಿಸಿದೆವು. ಮನೆ ಅನ್ನಬಹುದು, ಭೂಕಂಪ ಅಂತಲೂ ಅನ್ನಬಹುದು. ಗೋಡೆಗಿಂತ ಸಂದಿಯೇ ಜಾಸ್ತಿ. ಟೀಚರ್ ಕೋಲು ಪಕ್ಕಕ್ಕಿಟ್ಟು, ಬಗ್ಗಿ, ಒಂದು ಸಂದಿಗೆ ಕಣ್ಣಿಟ್ಟರು.

"ಒಳಗೆ ಯಾರಿದ್ದೀರಿ?"

ಆ ಕಡೆ ಕೂತಿದ್ದವಳು ನಾನು. "ಯಾರೂ ಇಲ್ಲ ಟೀಚರ್."

"ಟೀಚರ್ ಅನ್ಬಾರ್ದು," ಎಂದರು ಅವರು.

ಹೊರಡುವಾಗ ಡೊಂಕು ಇಟ್ಟಿಗೆಗಳನ್ನೆಲ್ಲ ಪೆಟ್ಟಿಗೆಗೆ ತುಂಬಿಕೊಂಡು, "ಇದನ್ನ ನಿನ್ನ ಹತ್ರ ಬಿಡೋದು ಡೇಂಜರ್," ಎಂದು ತೆಗೆದುಕೊಂಡು ಹೋದರು. ಸರಸು ತನ್ನವನ್ನು ಸೋಪು, ನಿಂಬೆಹಣ್ಣು, ಹುಣಸೆಹಣ್ಣು ಹಾಕಿ ಉಜ್ಜಿದಳು. ಬಿಳಿ ವಾಪಸ್ಸು ಬರಲಿಲ್ಲ. "ಮುದಿಯಾದ ಮೇಲೆ ನಿಮ್ಮ ಪಾರ್ಟಿನೇ," ಎಂದು ನನಗೇ ಬಿಟ್ಟು ಬಸ್ಸು ಹತ್ತಿದಳು.

ಆ ಮನೆ ಈಗ ನನ್ನ ಗಾಜಿನ ಬೀರುವಿನಲ್ಲಿದೆ, ಎಲ್ಲಕ್ಕಿಂತ ಮುಂದೆ. ನೋಡಿದವರೆಲ್ಲ ಮೊದಲು ಅದನ್ನೇ ಮೆಚ್ಚುತ್ತಾರೆ. ಮೊನ್ನೆ ಕೂನೂರಿನಿಂದ ಬಂದ ಒಬ್ಬ ಸಂಗ್ರಹಕಾರರು ಕೈಯಲ್ಲಿ ಹಿಡಿದು, ಕಣ್ಣು ಕಿರಿದು ಮಾಡಿ, "ಬಹಳ ಹಳೇದು ಅಲ್ವಾ? ನೀವು ತಿಳಿದವರು, ಎಷ್ಟು ಹಳೇದು ಇರ್ಬಹುದು?" ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಅಡುಗೆಮನೆಯಿಂದ ಇವರ ದನಿ ಬಂತು: "ಮೂರು ಡಿಕಾಕ್ಷನ್!"